ವಸಂತಿ ಕೂಗಿದ ವರ್ಷ

ಕಳೆದ ತಿಂಗಳು ತಮ್ಮನ ಮನೆಗೆಂದು ಸಾಗರಕ್ಕೆ ಹೋಗಿದ್ದೆ. ಸಂಜೆ ಪೇಟೆಯಿಂದ ನಡೆದು ಬರುವಾಗ ಒಂದು ಇಸ್ತ್ರಿ ಅಂಗಡಿಯ ಮುಂದೆ ಕಾಲು ತಾನಾಗಿ ನಿಂತಿತು. ಒಳಗೆ ಒಬ್ಬಾತ ಗಂಜಿ ಹಾಕಿದ ಕಾಟನ್ ಸೀರೆಗೆ ನೀರು ಚಿಮುಕಿಸಿ ಪೆಟ್ಟಿಗೆ ಒತ್ತುತ್ತಿದ್ದ. ಸ್ವಲ್ಪ ಹುಳಿ, ಸ್ವಲ್ಪ ಸೀದ ಅನ್ನದಂಥ ವಾಸನೆ. "ಏನ್ ಬೇಕಿತ್ತಮ್ಮ?" ಎಂದು ಕೇಳಿದ. ಏನಿಲ್ಲ ಎಂದು ಮುಂದೆ ಬಂದೆ. ಆ ವಾಸನೆಗೆ ನನಗೆ ನೆನಪಾಗುವುದು ಸೀರೆಯಲ್ಲ, ಒಂದು ಹುಡುಗಿಯ ತಲೆ. ಅನ್ನದ ಗಂಜಿಯನ್ನು ಗಿಡ್ಡ ಕೂದಲಿಗೆ ಮೆತ್ತಿಕೊಂಡು, ಮುಳ್ಳುಹಂದಿಯ ಹಾಗೆ ನೆಟ್ಟಗೆ ನಿಲ್ಲಿಸಿಕೊಂಡು ನನ್ನೆದುರು ಕೂತಿರುತ್ತಿದ್ದ ವಸಂತಿಯ ತಲೆ.

ಅದು ಎಪ್ಪತ್ತೆಂಟನೇ ಇಸವಿ. ನನಗೆ ಹತ್ತೊಂಬತ್ತು. ಪಿಯುಸಿ ಮುಗಿದಿತ್ತು. ಬೆಳಿಗ್ಗೆ ಟೈಪಿಂಗ್ ಕ್ಲಾಸಿಗೆ ಹೋಗಿ ಬಂದರೆ ಉಳಿದ ಹೊತ್ತೆಲ್ಲ ಮನೆಯಲ್ಲಿ ಇರುತ್ತಿದ್ದೆ. ಇರುತ್ತಿದ್ದೆ ಎನ್ನುವುದಕ್ಕಿಂತ ಕಾಯುತ್ತಿದ್ದೆ ಎನ್ನಬೇಕು. ಅಪ್ಪ ಅಂಚೆ ಕಚೇರಿಯಲ್ಲಿ ಗುಮಾಸ್ತ. ನಾನು ಕಪ್ಪು, ಮುಂದಿನ ಹಲ್ಲು ಸ್ವಲ್ಪ ಉಬ್ಬು. ಗಂಡಿನ ಕಡೆಯವರು ಬರುತ್ತಿದ್ದರು, ಉಪ್ಪಿಟ್ಟು ತಿನ್ನುತ್ತಿದ್ದರು, ಒಂದು ಹಾಡು ಹೇಳಮ್ಮ ಎನ್ನುತ್ತಿದ್ದರು. ನಾನು ನೆಲ ನೋಡಿಕೊಂಡು ಒಂದು ದೇವರನಾಮ ಹೇಳುತ್ತಿದ್ದೆ. ಊರಿಗೆ ಹೋಗಿ ತಿಳಿಸ್ತೀವಿ ಎಂದು ಹೋದವರು ತಿಳಿಸುತ್ತಿರಲಿಲ್ಲ. ಉಳಿದ ಉಪ್ಪಿಟ್ಟನ್ನು ಅಮ್ಮ ರಾತ್ರಿ ನಮಗೆ ಬಡಿಸುತ್ತಿದ್ದಳು.

ಆ ವರ್ಷದ ಮಳೆ ಹಿಂದೆ ಸರಿಯುವ ಹೊತ್ತಿಗೆ ನಮ್ಮ ಬೀದಿಯ ಕೊನೆಯ ದೊಡ್ಡ ಮನೆಗೆ ಲಂಡನ್ನಿನಿಂದ ಒಬ್ಬರು ಡಾಕ್ಟರು ಬಂದರು. ಅವರ ಹುಟ್ಟೂರು ಹೊಸನಗರದ ಹತ್ತಿರ. ಮದುವೆಯಾದ ಹೊಸತರಲ್ಲೇ ಆ ದೇಶಕ್ಕೆ ಹೋಗಿ, ಅಲ್ಲಿನ ಆಸ್ಪತ್ರೆಯಲ್ಲಿ ಕೆಲಸ ಮಾಡಿ, ಹೆಂಡತಿ ತೀರಿಕೊಂಡ ಮೇಲೆ ಮಗಳನ್ನು ಕರೆದುಕೊಂಡು ವಾಪಸು ಬಂದಿದ್ದರು. ಪೇಟೆಯಲ್ಲಿ ರೋಗಿಗಳನ್ನು ನೋಡಲು ಶಾಪು ತೆರೆದರು. ಮನೆಯಲ್ಲಿ ಅವರ ತಾಯಿ, ಕಿವಿ ಮಂದವಾದ ಅಜ್ಜಿ. ಮಗಳು ವಸಂತಿಗೆ ಹದಿನೇಳು. ಆಚೆ ಬರುತ್ತಲೇ ಇರಲಿಲ್ಲ.

ಒಂದು ದಿನ ಡಾಕ್ಟರು ಅಂಚೆ ಕಚೇರಿಗೆ ಬಂದವರು ಅಪ್ಪನ ಹತ್ತಿರ, "ನಿಮ್ಮ ಮಗಳು ಮನೇಲೇ ಇದಾಳಂತಲ್ಲ. ಮಧ್ಯಾಹ್ನ ನಮ್ಮನೇಗೆ ಕಳಿಸಿ. ನನ್ನ ಮಗಳಿಗೆ ಕನ್ನಡ ಓದೋಕೆ ಬರೆಯೋಕೆ ಕಲಿಸ್ಲಿ. ಜೊತೆಗೂ ಆಗುತ್ತೆ," ಎಂದರು. ಡಾಕ್ಟರೇ ಬಾಯಿಬಿಟ್ಟು ಕೇಳಿದ ಮೇಲೆ ಅಪ್ಪ ಇಲ್ಲ ಎನ್ನುವವನಲ್ಲ.

ಹೋದ ಮೊದಲ ದಿನ ಅವಳು ನನ್ನ ಮುಖ ನೋಡಲಿಲ್ಲ. ಕೂದಲು ಗಂಡುಹುಡುಗರಿಗಿಂತ ಗಿಡ್ಡ. ಕಿವಿಯಲ್ಲಿ ಓಲೆ ಇರುವ ಕಡೆ ಪಿನ್ನು, ನಾವು ಸೀರೆಗೆ ಚುಚ್ಚಿಕೊಳ್ಳುವಂಥದು. ನಾನು ಸ್ಲೇಟಿನ ಮೇಲೆ ಅ ಬರೆದು ಎದುರಿಗಿಟ್ಟೆ. ಅವಳು ಅದನ್ನು ಕೈಯಿಂದ ಸರಿಸಿ, "ಎಂಗೆ ಬ್ಯಾಡ," ಎಂದಳು.

ಲಂಡನ್ನಿನ ಹುಡುಗಿಯ ಬಾಯಲ್ಲಿ ಆ ಮಾತು ಕೇಳಿ ನನಗೆ ನಗು ಬಂತು. ಅವಳಿಗೆ ಬರುತ್ತಿದ್ದುದು ತಾಯಿಯಿಂದ ಕಲಿತ ಮನೆಮಾತು ಮಾತ್ರ. ನನಗೆ ಎನ್ನುವುದಕ್ಕೆ ಎಂಗೆ, ಇಲ್ಲ ಎನ್ನುವುದಕ್ಕೆ ಇಲ್ಲೆ, ಎಂದು ಎನ್ನುವುದಕ್ಕೆ ಹೇಳಿ, ಮಾಡಬೇಕು ಎನ್ನುವುದಕ್ಕೆ ಮಾಡವು. ತೋಟದ ಮನೆಗಳ ಹೆಂಗಸರು ಹಿತ್ತಲಲ್ಲಿ ಕೂತು ಆಡುವ ಮಾತನ್ನು ಈ ಪಿನ್ನಿನ ಕಿವಿಯ ಹುಡುಗಿ ಆಡುತ್ತಿದ್ದಳು. ನಾನು ನಕ್ಕದ್ದು ನೋಡಿ ಅವಳೂ ಸ್ವಲ್ಪ ನಕ್ಕಳು. ಅಲ್ಲಿಂದ ಮಾತು ಶುರುವಾಯಿತು.

"ಅಪ್ಪ ಮೂರು ವಾರ ಹೇಳಿ ಕರ್ಕಂಡು ಬಂದ. ಅಜ್ಜೀನ ನೋಡ್ಕಂಡು ವಾಪಸ್ ಹೋಪದು ಹೇಳಿದ," ಎಂದಳು. "ಈಗ ಪಾಸ್‌ಪೋರ್ಟು ಅವನ ಹತ್ರ ಇದ್ದು. ಕೇಳಿರೆ ಮಾತಾಡ್ತ್ನಿಲ್ಲೆ."

ಯಾಕೆ ಹಾಗೆ ಮಾಡಿದರು ಎಂದು ಕೇಳಿದಾಗ ಅವಳು ಸೂಟ್‌ಕೇಸು ತೆರೆದು, ಬಟ್ಟೆಗಳ ನಡುವೆ ಅಡಗಿಸಿ ತಂದ ನಾಲ್ಕು ಸಣ್ಣ ರೆಕಾರ್ಡುಗಳನ್ನು ತೋರಿಸಿದಳು. ಇದಕ್ಕೇ, ಈ ಸಂಗೀತದ ಹೆಸರು ಪಂಕ್ ಅಂದಳು. ನನಗೆ ಕೇಳಿಸಿದ್ದು ಪಂಕ. "ಪಂಕ ಅಂದ್ರೆ ಕೆಸರಲ್ವಾ?" ಅಂದೆ. ಅವಳಿಗೆ ಆ ಪದ ಗೊತ್ತಿರಲಿಲ್ಲ. ಅರ್ಥ ಹೇಳಿದ ಮೇಲೆ, ಅದೂ ಸರಿಯೇ ಅಂದಳು.

ಡಾಕ್ಟರು ಶಾಪಿಗೆ ಹೋದ ಮೇಲೆ ಅವರದೇ ಗ್ರಾಮಫೋನಿನಲ್ಲಿ ಅವನ್ನು ಹಾಕಿದಳು. ಅದನ್ನು ಹಾಡು ಎಂದು ಒಪ್ಪಿಕೊಳ್ಳಲು ನನಗೆ ಎಷ್ಟೋ ದಿನ ಬೇಕಾಯಿತು. ತಗಡಿನ ಮಾಡಿನ ಮೇಲೆ ಯಾರೋ ಕಲ್ಲು ಸುರಿದ ಹಾಗೆ ಸದ್ದು, ಅದರ ನಡುವೆ ಒಬ್ಬ ಗಂಟಲು ಹರಿದು ಕೂಗುತ್ತಿದ್ದ. ಎರಡೂವರೆ ನಿಮಿಷಕ್ಕೆ ಮುಗಿದೇ ಹೋಯಿತು. ಹಜಾರದಲ್ಲಿ ಬತ್ತಿ ಹೊಸೆಯುತ್ತಿದ್ದ ಅಜ್ಜಿಯ ಮಂದ ಕಿವಿಗೂ ಅದು ಬಿದ್ದು, "ಎಂತಕ್ಕೆ ಅಷ್ಟು ಹೊಡಿತ ಅವಂಗೆ? ಪಾಪ," ಎಂದರು.

"ಅದ್ಯಾಕೆ ಹಂಗೆ ಕೂಗ್ತಾರೆ?" ಎಂದು ನಾನೂ ಕೇಳಿದೆ.

ವಸಂತಿ ಹೇಳತೊಡಗಿದಳು. ಮಧ್ಯಾಹ್ನಗಳು ಆ ಕಥೆಗಳಲ್ಲೇ ಕಳೆದವು. ಅಲ್ಲಿ ಶಾಲೆ ಬಿಟ್ಟ ಹುಡುಗರಿಗೆ ಕೆಲಸವಿಲ್ಲ, ನಿರುದ್ಯೋಗದ ಚೀಟಿ ಹಿಡಿದು ಸಾಲಿನಲ್ಲಿ ನಿಲ್ಲುತ್ತಾರೆ. ಊರು ಕಸದ ರಾಶಿ. ನೀವು ಯಾರಿಗೂ ಬೇಡ ಎಂದು ಎಲ್ಲರೂ ಹೇಳಿಯಾಗಿದೆ. ಸರಿ ಹಾಗಾದರೆ, ನಮಗೂ ನೀವು ಬೇಡ ಎಂದು ಇವರು ಕೂಗುತ್ತಾರೆ. ಕೂಗುವುದು ನೆಲಮಾಳಿಗೆಗಳಲ್ಲಿ, ಹೆಂಡದಂಗಡಿಯ ಹಿಂದಿನ ಕೋಣೆಗಳಲ್ಲಿ. ಗೋಡೆ ಬೆವರುತ್ತದೆ. ಸೀಲಿಂಗಿನಿಂದ ಹನಿ ತಲೆಯ ಮೇಲೆ ಬೀಳುತ್ತದೆ. ಕೂತು ಕೇಳುವವರಿಲ್ಲ, ಎಲ್ಲರೂ ನಿಂತಲ್ಲೇ ಮೇಲೆ ಕೆಳಗೆ ಹಾರುತ್ತಾರೆ. ಹಾಡುವವರ ಮೇಲೆ ಉಗುಳುತ್ತಾರೆ, ಅದು ಮೆಚ್ಚುಗೆಯಂತೆ. ವಾದ್ಯ ಕಲಿತಿರಬೇಕೆಂದಿಲ್ಲ. ಇವತ್ತು ಕೆಳಗೆ ನಿಂತು ಹಾರಿದವಳು ಮುಂದಿನ ವಾರ ವೇದಿಕೆಯ ಮೇಲೆ ನಿಂತು ಹಾಡಬಹುದು. ಹರಿದ ಕಾಲುಚೀಲದ, ದಪ್ಪ ಮೈಯ, ಮೊಡವೆ ಮುಖದ ಹುಡುಗಿಯರು ಮೇಲೆ ನಿಂತು ಕೂಗಿದ್ದನ್ನು ಅವಳು ಕಂಡಿದ್ದಳು.

"ಅಲ್ಲಿ ಚಂದ ಹಾಡವು ಹೇಳಿ ಇಲ್ಲೆ," ಎಂದಳು. "ಚಂದ ಇರವು ಹೇಳೂ ಇಲ್ಲೆ."

ಚಂದ ಇರಬೇಕೆಂದೇ ಇಲ್ಲದ ಜಾಗವೊಂದು ಭೂಮಿಯ ಮೇಲೆ ಇದೆ ಎಂದು ನನಗೆ ಅದುವರೆಗೆ ಯಾರೂ ಹೇಳಿರಲಿಲ್ಲ. ಮನೆಗೆ ಬಂದು ಕನ್ನಡಿಯೆದುರು ತುಟಿ ಎತ್ತಿ ನನ್ನ ಹಲ್ಲನ್ನು ನೋಡಿಕೊಂಡೆ. ಅಂದಿನಿಂದ ನಾನೂ ಆ ಸಂಗೀತದವಳಾದೆ. ನಾಲ್ಕೇ ರೆಕಾರ್ಡು ಕೇಳಿ, ಒಂದೂ ನೆಲಮಾಳಿಗೆ ನೋಡದೆ.

ಲಂಡನ್ನಿನಲ್ಲಿ ಅವಳು ಕೂದಲಿಗೆ ಸಕ್ಕರೆ ನೀರು ಹಾಕುತ್ತಿದ್ದಳಂತೆ. ಸಾಗರದಲ್ಲಿ ಹಾಕಿ ನೋಡಿದಳು. ಮಲಗಿ ಏಳುವುದರೊಳಗೆ ದಿಂಬಿನ ತುಂಬ ಇರುವೆ. ಗಂಜಿ ಹಾಕು ಎಂದು ಹೇಳಿಕೊಟ್ಟವಳು ನಾನು. ಕೋಣೆಯ ಬಾಗಿಲು ಹಾಕಿಕೊಂಡು ನಾನೇ ಹಚ್ಚುತ್ತಿದ್ದೆ. ಡಾಕ್ಟರು ಬರುವ ಹೊತ್ತಿಗೆ ತೊಳೆದುಕೊಂಡು ಒದ್ದೆ ತಲೆಯಲ್ಲಿ ಕೂತಿರುತ್ತಿದ್ದಳು.

ಅವಳು ಅಲ್ಲಿನದೆಲ್ಲ ಬಂಗಾರ ಎಂದೇನೂ ಹೇಳಲಿಲ್ಲ. ಬೀದಿಯಲ್ಲಿ ಬಿಳಿ ಹುಡುಗರು ಅವಳನ್ನು ಅಟ್ಟಿಸಿಕೊಂಡು ಬಂದು ಹೊಡೆದದ್ದಿತ್ತು. ಆ ನೆಲಮಾಳಿಗೆಯೊಳಗೂ ಒಬ್ಬ ಅವಳ ಮುಖಕ್ಕೇ ಉಗಿದು, ನಿನ್ನ ದೇಶಕ್ಕೆ ಹೋಗು ಎಂದಿದ್ದ. ಅದು ಮೆಚ್ಚುಗೆಯ ಉಗುಳಾಗಿರಲಿಲ್ಲ. "ಇದೇ ಎನ್ನ ದೇಶ ಹೇಳಿ ಅವಂಗೆ ಹೊಡೆದಿ," ಎಂದಳು. "ಇಲ್ಲಿ ಬಂದ ಮೇಲೆ ಎಲ್ಲ ಕೇಳ್ತ, ನಿನ್ನ ದೇಶಕ್ಕೆ ಯಾವಾಗ ಹೋಗ್ತೆ ಹೇಳಿ."

ಅವಳ ಜೀವದ ಗೆಳತಿ ಲಿಂಡಾ. ಅವಳೂ ಇವಳೂ ಇನ್ನಿಬ್ಬರು ಹುಡುಗಿಯರೂ ಸೇರಿ ಒಂದು ತಂಡ ಕಟ್ಟಿದ್ದರು. ವಸಂತಿ ಹಾಡುವವಳು. ಚಳಿಗಾಲಕ್ಕೆ ಒಂದು ಹೆಂಡದಂಗಡಿಯ ಹಿಂದಿನ ಕೋಣೆಯಲ್ಲಿ ಅವರ ಮೊದಲ ಕಾರ್ಯಕ್ರಮ ಎಂದು ಗೊತ್ತಾಗಿತ್ತು. ಅಷ್ಟರಲ್ಲಿ ಡಾಕ್ಟರು ಅವಳನ್ನು ವಿಮಾನ ಹತ್ತಿಸಿದ್ದರು.

ಆ ತಂಡಕ್ಕೆ ಅವಳು ಕಟ್ಟಿದ ಒಂದು ಹಾಡಿತ್ತು. ಇಂಗ್ಲಿಷಿನ ಸಾಲುಗಳು, ಪ್ರತಿ ಸಾಲಿನ ಕೊನೆಗೆ ಕನ್ನಡದಲ್ಲಿ ಒಂದು ಕೂಗು: ಎಂಗೆ ಬ್ಯಾಡ. ಆಸ್ಪತ್ರೆಯವರು ಕಾಯಲು ಹೇಳುತ್ತಾರೆ, ಎಂಗೆ ಬ್ಯಾಡ. ನೆರೆಯವರು ಕೇಕು ತಂದುಕೊಡುತ್ತಾರೆ, ಎಂಗೆ ಬ್ಯಾಡ. ಕಾಲ ಎಲ್ಲ ಸರಿಮಾಡುತ್ತದೆ ಎನ್ನುತ್ತಾರೆ, ಎಂಗೆ ಬ್ಯಾಡ. ಲಿಂಡಾ ಮತ್ತು ಉಳಿದವರು ಅರ್ಥ ಗೊತ್ತಿಲ್ಲದೆಯೇ ಅದನ್ನು ಗಂಟಲು ಬಿರಿಯುವಂತೆ ಕೂಗುತ್ತಿದ್ದರಂತೆ.

ಆ ಮಾತೇ ಯಾಕೆ ಎಂದು ಒಂದು ದಿನ ಕೇಳಿದೆ. ಅವಳು ಗ್ರಾಮಫೋನು ನಿಲ್ಲಿಸಿ ಹೇಳಿದಳು. ತಾಯಿಯ ಕೊನೆಯ ದಿನಗಳಲ್ಲಿ ಆಸ್ಪತ್ರೆಯ ದಾದಿ ಚಮಚದಲ್ಲಿ ಏನೋ ಕುಡಿಸಲು ಬರುತ್ತಿದ್ದಳಂತೆ. ತಾಯಿಗೆ ಆ ಹೊತ್ತಿಗೆ ಇಂಗ್ಲಿಷೆಲ್ಲ ಮರೆತುಹೋಗಿತ್ತು. ಎಂಗೆ ಬ್ಯಾಡ, ಎಂಗೆ ಬ್ಯಾಡ ಎಂದು ಮುಖ ತಿರುಗಿಸುತ್ತಿದ್ದಳು. ದಾದಿ ಅರ್ಥವಾಗದೆ ಮತ್ತೆ ಮತ್ತೆ ಚಮಚ ಒಡ್ಡುತ್ತಿದ್ದಳು. ತಾಯಿ ಆಡಿದ ಕೊನೆಯ ಮಾತು ಅದೇ. ಕೇಳಿಸಿಕೊಂಡವರು ಗಂಡ ಮತ್ತು ಮಗಳು, ಇಬ್ಬರೇ.

ಜನವರಿಯಲ್ಲಿ ತೀರ್ಥಹಳ್ಳಿಯಿಂದ ವಸಂತಿಯನ್ನು ನೋಡಲು ಬರುತ್ತಾರೆಂದು ಗೊತ್ತಾಯಿತು. ಹುಡುಗ ವಕೀಲ, ಅವನ ತಂದೆಯೂ ವಕೀಲರು. ಮೂಲ ಹೊಸನಗರದ ಕಡೆಯವರು, ಮನೆಯಲ್ಲಿ ಇವರದೇ ಮಾತು. ವಸಂತಿ ಅಪ್ಪನ ಹತ್ತಿರ ಜಗಳವಾಡಿದಳು, ಊಟ ಬಿಟ್ಟಳು. ಡಾಕ್ಟರು ಸಿಟ್ಟು ಮಾಡಲಿಲ್ಲ. "ನಿನ್ನಮ್ಮ ಇದ್ದಿದ್ರೂ ಇದನ್ನೇ ಹೇಳ್ತಿತ್ತು," ಎಂದಷ್ಟೇ ಹೇಳಿದರಂತೆ.

"ಹಾಡು ಹೇಳು ಅಂತಾರೆ ನೋಡು," ಎಂದು ನಾನು ಅನುಭವದಿಂದ ಎಚ್ಚರಿಸಿದೆ.

ಅವಳ ಕಣ್ಣು ಅರಳಿತು. "ಹೇಳ್ತಿ," ಎಂದಳು. "ನೀನೂ ಕೂಗವು. ಎನ್ನ ಒಬ್ಬಳ ಹತ್ರ ಆಗ್ತಿಲ್ಲೆ."

ಆ ದಿನ ಅಜ್ಜಿ ಅವಳ ತಲೆಗೆ ಎಣ್ಣೆ ಹಚ್ಚಿ ಬಾಚಿ, ಕಿವಿಯ ತನಕ ಬೆಳೆದಿದ್ದ ಕೂದಲಿಗೆ ಹೂವು ಸಿಕ್ಕಿಸಿದರು. ಹಸಿರು ರೇಷ್ಮೆ ಸೀರೆ. ಹುಡುಗನ ತಾಯಿ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಬೆನ್ನು ಸವರಿದರು. ನಾನು ಅಡಿಗೆಮನೆಯ ಬಾಗಿಲ ಹಿಂದೆ ನಿಂತಿದ್ದೆ. ಕಾಫಿ ಆಯಿತು. "ಒಂದು ಹಾಡು ಹೇಳು ಕೂಸೆ," ಎಂದರು ಆಕೆ.

ವಸಂತಿ ಎದ್ದು ನಿಂತಳು. ಕಾಲು ಅಗಲಿಸಿ, ಸೆರಗು ಸೊಂಟಕ್ಕೆ ಸಿಕ್ಕಿಸಿ, ಕಾಲಿನಿಂದ ನೆಲ ಬಡಿದು ಶುರುಮಾಡಿದಳು. ಮೊದಲ ಸಾಲಿನ ಕೊನೆಗೆ ಅವಳು ಒಬ್ಬಳೇ ಕೂಗಿದಳು. ಎರಡನೆಯದಕ್ಕೆ ನಾನು ಬಾಗಿಲ ಹಿಂದಿನಿಂದ ಆಚೆ ಬಂದು ಕೂಗಿದೆ. ಮೂರನೆಯದಕ್ಕೆ ಇನ್ನೂ ಜೋರಾಗಿ. ಹಾಗೆ ಕೂಗಬಲ್ಲ ಗಂಟಲು ನನಗಿದೆ ಎಂದು ಗೊತ್ತೇ ಇರಲಿಲ್ಲ. ಬಂದು ನೋಡಿ ಹೋದ ಎಲ್ಲ ಗಂಡುಗಳಿಗೂ, ಉಳಿದ ಉಪ್ಪಿಟ್ಟಿಗೂ ಸೇರಿಸಿ ಕೂಗಿದೆ. ಜೀವಮಾನದಲ್ಲಿ ನನಗೆ ಸಿಕ್ಕಿದ್ದು ಅಷ್ಟೇ, ಎರಡೂವರೆ ನಿಮಿಷ.

ಡಾಕ್ಟರ ಮುಖ ಬೂದಿಯಾಗಿತ್ತು. ಅದು ಯಾರ ಮಾತೆಂದು ಆ ಹಜಾರದಲ್ಲಿ ಗೊತ್ತಿದ್ದುದು ಅವರಿಗೆ ಮತ್ತು ನಮಗೆ ಮಾತ್ರ. ಹಾಡು ಮುಗಿಯುವ ಮೊದಲೇ ಅವರು ಎದ್ದು ಒಳಗೆ ಹೋದರು.

ಹಾಡು ನಿಂತಿತು. ಇನ್ನು ಇವರು ಎದ್ದು ಹೋಗುತ್ತಾರೆ ಎಂದು ನಾನು ಕಾದೆ. ಆಮೇಲೆ ಹುಡುಗನ ತಾಯಿ ನಗಲು ಶುರುಮಾಡಿದರು. ಸಿಟ್ಟಿನ ನಗುವಲ್ಲ, ತೊದಲು ಮಾತು ಕೇಳಿ ನಗುತ್ತಾರಲ್ಲ, ಹಾಗೆ. "ಲಂಡನ್ನಲ್ಲಿ ಬೆಳೆದ್ರೂ ಕೂಸು ನಮ್ಮ ಮಾತು ಮರೆತಿದ್ದಿಲ್ಲೆ. ಬ್ಯಾಡ ಹೇಳದು ಕೇಳು, ಎಷ್ಟು ಚಂದ," ಎಂದು ಕಣ್ಣೊರೆಸಿಕೊಂಡರು. ಹುಡುಗನೂ ನಕ್ಕು, "ಭಾರಿ ಜೋರಿದ್ದು," ಎಂದ. ಅವನ ತಂದೆ ಇನ್ನೊಂದು ಲೋಟ ಕಾಫಿ ಕೇಳಿದರು. ವಸಂತಿ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡೇ ನಡುವೆ ನಿಂತಿದ್ದಳು. ಏದುಸಿರು ಬಿಡುತ್ತಿದ್ದಳು. ಆಕೆ ಕೈ ಹಿಡಿದೆಳೆದು ಅವಳನ್ನು ಮತ್ತೆ ಪಕ್ಕದಲ್ಲಿ ಕೂರಿಸಿಕೊಂಡರು. ಅಲ್ಲೇ, ಆ ಹೊತ್ತಿಗೇ, ಒಪ್ಪಿಗೆ ಎಂದರು.

ಮರುದಿನ ನಾನು ಹೋದಾಗ ಡಾಕ್ಟರು ಬಾಗಿಲಲ್ಲೇ ನಿಂತಿದ್ದರು. "ಇನ್ನು ಕಲಿಸೋದು ಬೇಡಮ್ಮ," ಎಂದರು. ಅವರ ಕಣ್ಣು ಕೆಂಪಾಗಿತ್ತು. ನಾನು ವಾಪಸು ಬಂದೆ.

ಹುಡುಗನ ತಾಯಿ ಈ ಕಥೆಯನ್ನು ಸಿಕ್ಕಿದವರಿಗೆಲ್ಲ ಅಕ್ಕರೆಯಿಂದ ಹೇಳಿದರು. ಅದು ಊರೂರು ತಿರುಗಿ ಸಾಗರಕ್ಕೂ ಬಂತು. ಅದರಲ್ಲಿ ವಸಂತಿಯ ಕೂಗು ಆಟವಾಗಿತ್ತು. ನನ್ನದು ಮಾತ್ರ ಬೇರೆಯಾಗಿತ್ತು. ಅಂಚೆ ಗುಮಾಸ್ತರ ಮಗಳು ಮೈಮೇಲೆ ಬಂದವಳ ಹಾಗೆ ಅಡಿಗೆಮನೆಯಿಂದ ನುಗ್ಗಿ ಬಂದು ಅರಚಿದಳು ಎಂದಾಗಿತ್ತು. ನನ್ನನ್ನು ನೋಡಲು ಬರಬೇಕಿದ್ದ ಹೊಸನಗರದ ಕಡೆಯ ಒಂದು ಮನೆಯವರು ಬರುವುದಿಲ್ಲವೆಂದು ಹೇಳಿ ಕಳಿಸಿದರು.

ಅಪ್ಪ ಊಟಕ್ಕೆ ಕೂತಾಗ ಕೇಳಿದ. "ನೀನೂ ಕೂಗಿದ್ಯಂತೆ?"

"ಹೌದು."

ಅವನು ಬೈಯಲಿಲ್ಲ. ಅನ್ನ ಕಲಸುತ್ತ ಅಮ್ಮನಿಗೆ, "ಇನ್ನು ಯಾರನ್ನ ಕರ್ಸಲಿ ನಾನು?" ಎಂದ. ಮತ್ತೆ ಯಾರನ್ನೂ ಕರೆಸಲಿಲ್ಲ.

ಮದುವೆಗೆ ಮುಂಚೆ ಒಂದು ಸಲ ವಸಂತಿ ಟೈಪಿಂಗ್ ಕ್ಲಾಸಿನ ಹೊರಗೆ ಬಂದು ನಿಂತಿದ್ದಳು. "ತಾಳಗುಪ್ಪಕ್ಕೆ ಹೋಪನ, ಬಾ," ಎಂದಳು. ಸಾಗರದ ಸ್ಟೇಷನ್ನಿನಲ್ಲಿ ಗುರುತಿನವರು ಇರುತ್ತಾರೆ, ತಾಳಗುಪ್ಪದಿಂದಲೇ ರೈಲು ಹೊರಡುವುದರಿಂದ ಅಲ್ಲಿ ಹತ್ತಬಹುದು ಎಂದು ಅವಳು ಯೋಚಿಸಿದ್ದಳು. ಬಸ್ಸಿನಲ್ಲಿ ಹೋದೆವು. ರೈಲು ಹೊಗೆ ಬಿಡುತ್ತ ನಿಂತಿತ್ತು. ಕಲ್ಲುಬೆಂಚಿನ ಮೇಲೆ ಕೂತೆವು. "ಹತ್ತಿ ಎಲ್ಲಿಗೆ ಹೋಗ್ತಿ?" ಎಂದು ಕೇಳಿದೆ. ಅವಳಿಗೆ ಗೊತ್ತಿರಲಿಲ್ಲ. ಕೈಯಲ್ಲಿ ಪಾಸ್‌ಪೋರ್ಟಿಲ್ಲ. ಬೊಂಬಾಯಿ ಯಾವ ದಿಕ್ಕಿಗೆ ಎಂಬುದು ಅವಳಿಗೂ ತಿಳಿಯದು, ನನಗೂ ತಿಳಿಯದು.

"ಅಲ್ಲಿ ಬೀದೀಲಿ ಎಂಗಳ ಮೇಲೆ ಎಲ್ಲ ಉಗೀತಿದ್ದ, ಬಾಟ್ಲಿ ಒಗೀತಿದ್ದ," ಎಂದಳು. "ಅದಕ್ಕೆಲ್ಲ ಎಂತ ಮಾಡವು ಹೇಳಿ ಎಂಗೆ ಗೊತ್ತಿತ್ತು. ನಗ್ಯಾಡಿರೆ ಎಂತ ಮಾಡವು, ಗಿರಿಜಾ?"

ರೈಲು ಹೊರಟುಹೋಯಿತು. ನಾವು ಬಸ್ಸು ಹಿಡಿದು ಸಾಗರಕ್ಕೆ ಬಂದೆವು.

ಮದುವೆ ಬೇಸಿಗೆಯಲ್ಲಿ ತೀರ್ಥಹಳ್ಳಿಯಲ್ಲಾಯಿತು. ನಮ್ಮನ್ನು ಕರೆಯಲಿಲ್ಲ.

ಎರಡು ವರ್ಷ ಕಳೆಯುವುದರೊಳಗೆ ಅಜ್ಜಿ ತೀರಿಕೊಂಡರು. ಡಾಕ್ಟರು ಶಾಪು ಮುಚ್ಚಿದರು. ಇಲ್ಲಿ ಕರೆಂಟಿಲ್ಲ, ಔಷಧ ಸಿಗುವುದಿಲ್ಲ, ಇಲ್ಲಿ ಕೆಲಸ ಮಾಡುವುದು ನನ್ನಿಂದಾಗದು ಎಂದು ಅಂಚೆ ಕಚೇರಿಯಲ್ಲಿ ಅಪ್ಪನ ಹತ್ತಿರ ಹೇಳಿ, ಮುಂದೆ ಬರುವ ಟಪ್ಪಾಲು ಕಳಿಸಲು ವಿಳಾಸ ಬರೆದುಕೊಟ್ಟರು. ಲಂಡನ್ನಿನ ವಿಳಾಸ. ಮಗಳನ್ನು ಇಲ್ಲಿ ಬಿಟ್ಟು ಅವರು ಅಲ್ಲಿಗೆ ವಾಪಸು ಹೋದರು.

ಎಂಬತ್ತಮೂರರಲ್ಲಿ ನನಗೆ ಹೊಸನಗರದಲ್ಲಿ ಟೈಪಿಸ್ಟ್ ಕೆಲಸವಾಯಿತು. ಕಚೇರಿ ಕೆಲಸದ ಮೇಲೆ ತೀರ್ಥಹಳ್ಳಿಗೆ ಹೋದಾಗ ವಿಚಾರಿಸಿಕೊಂಡು ವಸಂತಿಯ ಮನೆಗೆ ಹೋದೆ. ಕೂಡಲೇ ಗುರುತು ಹಿಡಿದಳು. ದಪ್ಪಗಾಗಿದ್ದಳು. ಉದ್ದ ಜಡೆ, ಕಿವಿಯಲ್ಲಿ ಬಿಳಿ ಹರಳಿನ ಓಲೆ. ಎರಡು ಮಕ್ಕಳು, ಸಣ್ಣದು ತೊಟ್ಟಿಲಲ್ಲಿ. ಅತ್ತೆ ಒಳ್ಳೆಯವರು, ನನ್ನನ್ನು ಅಡಿಗೆಮನೆಯಿಂದ ಅರಚಿದವಳೆಂದು ಗುರುತಿಸಲಿಲ್ಲ. ಗಂಡ ಕೋರ್ಟಿಗೆ ಹೋಗಿದ್ದ. ಅವನು ಕೆಟ್ಟವನಲ್ಲ ಎಂದು ಅವಳೇ ಹೇಳಿದಳು. ನನ್ನ ಹತ್ತಿರ ಈಗ ಪೇಟೆಯವರ ಕನ್ನಡವನ್ನೇ ಆಡುತ್ತಿದ್ದಳು.

"ಹೋದ ವರ್ಷ ಅಪ್ಪ ಬಂದಿದ್ರು," ಎಂದಳು. "ಅಲ್ಲಿ ಅವರ ಆಸ್ಪತ್ರೆಗೆ ಲಿಂಡಾ ಯಾರನ್ನೋ ನೋಡೋಕೆ ಬಂದಿದ್ಲಂತೆ. ಅಪ್ಪನ್ನ ಗುರುತು ಹಿಡಿದು ಮಾತಾಡ್ಸಿದ್ಲಂತೆ. ಈಗ ಬಟ್ಟೆ ಅಂಗಡೀಲಿ ಕೆಲಸಕ್ಕಿದಾಳೆ. ಅಲ್ಲಿ ಹಾಡ್ತಿದ್ದ ಹುಡುಗ್ರೆಲ್ಲ ಏನೇನೋ ಆದ್ರು, ಇಬ್ಬರು ಅಮಲಿನ ಸೂಜಿ ಚುಚ್ಕೊಂಡು ಸತ್ರಂತೆ."

"ನಿಮ್ಮ ತಂಡ?"

"ಆ ಚಳಿಗಾಲ ಹಾಡಿದ್ರಂತೆ. ನನ್ನ ಜಾಗಕ್ಕೆ ಬೇರೆ ಹುಡುಗೀನ ಹಾಕ್ಕೊಂಡು. ನನ್ನ ಹಾಡೂ ಹಾಡಿದ್ರಂತೆ, ಜನ ಭಾಳ ಇಷ್ಟಪಟ್ರಂತೆ." ಅವಳು ತೊಟ್ಟಿಲು ತೂಗುತ್ತಿದ್ದ ಕೈ ನಿಲ್ಲಿಸಲಿಲ್ಲ. "ಕನ್ನಡದಲ್ಲಿ ಕೂಗ್ತಾ ಇದ್ವಲ್ಲ, ಅದರ ಅರ್ಥ ಏನು ಅಂತ ಲಿಂಡಾ ಅಪ್ಪನ್ನ ಕೇಳಿದ್ಲಂತೆ."

"ಏನಂದ್ರಂತೆ?"

"ಗೊತ್ತಿಲ್ಲ ಅಂದ್ರಂತೆ."

ಮಗು ಎದ್ದು ಅಳತೊಡಗಿತು. ಅವಳು ಎತ್ತಿಕೊಂಡಳು. ರೆಕಾರ್ಡು ಎಲ್ಲಿವೆ ಎಂದು ಕೇಳಿದೆ. ಅಟ್ಟದ ಮೇಲೆ ಇರಬೇಕು, ಈ ಮನೆಯಲ್ಲಿ ಗ್ರಾಮಫೋನಿಲ್ಲ ಎಂದಳು. ಅತ್ತೆ ತಿಂಡಿ ತಂದಿಟ್ಟರು. ತಿಂದೆ.

ಹೊರಟಾಗ ಅವಳು ಮಗುವನ್ನು ಸೊಂಟದಲ್ಲಿಟ್ಟುಕೊಂಡು ಬಸ್‌ಸ್ಟ್ಯಾಂಡಿನ ತನಕ ಬಂದಳು. ಹೊಸನಗರದ ಬಸ್ಸು ನಿಂತಿತ್ತು. ತಿಂಗಳಿಗೊಂದು ಸಲವಾದರೂ ಕಚೇರಿ ಕೆಲಸಕ್ಕೆ ಇಲ್ಲಿಗೆ ಬರುವುದಿರುತ್ತದೆ, ಬಂದಾಗ ಮನೆಗೆ ಬರುತ್ತೇನೆ ಎಂದು ನಾನು ಹೇಳಿದೆ. ಅವಳು ಮಗುವನ್ನು ಆಚೆ ಸೊಂಟಕ್ಕೆ ಬದಲಾಯಿಸಿಕೊಂಡಳು.

"ಬರಬೇಡ ಗಿರಿಜಾ," ಎಂದಳು. "ಬೇಜಾರು ಮಾಡ್ಕೋಬೇಡ. ನೀನು ಬಂದ್ರೆ ಅದೆಲ್ಲ ನೆನಪಾಗುತ್ತೆ. ಇಲ್ದಿದ್ರೆ ನಾನು ಆರಾಮಾಗಿ ಇರ್ತೀನಿ."

ನಾನು ಆಗಲಿ ಎಂದೆ. ಕಂಡಕ್ಟರ್ ಸೀಟಿ ಊದಿದ. ಕಿಟಕಿಯಿಂದ ನೋಡಿದಾಗ ಅವಳು ಆಗಲೇ ಬೆನ್ನು ತಿರುಗಿಸಿ ಮನೆಯ ಕಡೆ ನಡೆಯುತ್ತಿದ್ದಳು. ಮಗು ಮಾತ್ರ ಅವಳ ಹೆಗಲ ಮೇಲಿಂದ ಬಸ್ಸನ್ನು ನೋಡುತ್ತಿತ್ತು.

ನಿವೃತ್ತಿಯಾಗುವ ತನಕ ನಾನು ತೀರ್ಥಹಳ್ಳಿಗೆ ಎಷ್ಟೋ ಸಲ ಹೋಗಿದ್ದೇನೆ. ಕಚೇರಿಯಲ್ಲಿ ಕೆಲಸ ಬೇಗ ಮುಗಿದರೂ ಬಸ್‌ಸ್ಟ್ಯಾಂಡಿಗೆ ಬಂದು, ಅಲ್ಲೇ ಬೆಂಚಿನ ಮೇಲೆ ಕೂತು, ವಾಪಸು ಬಸ್ಸಿಗೆ ಕಾಯುತ್ತಿದ್ದೆ. ಅವಳ ಬೀದಿ ಅಲ್ಲಿಂದ ನಾಲ್ಕು ಹೆಜ್ಜೆ. ಒಂದು ಸಲವೂ ಹೋಗಲಿಲ್ಲ.